ಹಕ್ಕಿಗಳಿಗೆ ನಾನು ಏನೂ ಹಾಕುವುದಿಲ್ಲ

ಪ್ರಶ್ನೆ ಇದು: "ನಿಮ್ಮ ಹಿತ್ತಲಿಗೆ ಇಷ್ಟೊಂದು ಹಕ್ಕಿ ಬರ್ತಾವಲ್ಲ, ಎಂತ ಹಾಕ್ತೀರಿ?"

ಏನೂ ಹಾಕುವುದಿಲ್ಲ. ಉತ್ತರ ಮುಗಿಯಿತು.

ಇಷ್ಟಕ್ಕೇ ಸುಮ್ಮನಾಗುವವರಾಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಸುಮ್ಮನಾಗುವುದಿಲ್ಲ. ಮಾವಿನ ಮಿಡಿ ಉಪ್ಪಿನಕಾಯಿಯ ಗುಟ್ಟು ಬಿಟ್ಟುಕೊಡದ ಹೆಂಗಸನ್ನು ನೋಡುವ ಹಾಗೆ ನನ್ನನ್ನು ನೋಡುತ್ತಾರೆ. "ಹಾಗಲ್ಲ, ಸ್ವಲ್ಪ ಅಕ್ಕಿ ಗಿಕ್ಕಿ?" ಅಕ್ಕಿಯೂ ಇಲ್ಲ, ಗಿಕ್ಕಿಯೂ ಇಲ್ಲ. "ನೀರಾದ್ರೂ ಇಡ್ತೀರಲ್ಲ?" ಸ್ವಾಮಿ, ಇದು ಸಾಗರ ತಾಲ್ಲೂಕು. ಜೂನ್‌ನಿಂದ ಇಲ್ಲಿ ನೀರು ಇಡುವ ಕೆಲಸವನ್ನು ಬೇರೆಯವರು ನೋಡಿಕೊಂಡಿದ್ದಾರೆ.

ಜೋಗಕ್ಕೆ ಹೋಗುವ ಹಾದಿಯಲ್ಲಿ ಸ್ವಲ್ಪ ಒಳಗೆ ತಿರುಗಿದರೆ ನಮ್ಮೂರು. ಜಲಪಾತ ನೋಡಿ ಹಸಿದವರಿಗೆ ಮಧ್ಯಾಹ್ನದ ಊಟಕ್ಕೆ ಸರಿಯಾಗಿ ಸಿಗುವಷ್ಟು ದೂರ. ದಸರಾ ರಜೆ ಶುರುವಾದರೆ ದೀಪಾವಳಿ ಮುಗಿಯುವವರೆಗೂ ನೆಂಟರು, ನೆಂಟರ ಆಫೀಸಿನವರು, ಆಫೀಸಿನವರ ಮಕ್ಕಳು. ಊಟ ಮುಗಿಸಿ ಹಿಂದಿನ ಜಗಲಿಯಲ್ಲಿ ಎಲೆಅಡಿಕೆಯ ಕವಳ ಹಾಕುತ್ತ ಕೂತಾಗ ಬಚ್ಚಲ ನೀರು ಹರಿಯುವ ಕಡೆ ಏನೋ ಪುರ್ರೆನ್ನುತ್ತದೆ, ಪೇರಲೆ ಮರದಲ್ಲಿ ಏನೋ ಕಚ್ಚಾಡುತ್ತದೆ. ಆಗ ಬರುತ್ತದೆ ಪ್ರಶ್ನೆ. ಕೇಳುವವರ ತಲೆಯಲ್ಲಿ ಇರುವುದು ಪಾರಿವಾಳ. ಪೇಟೆಯ ಸರ್ಕಲ್ಲಿನಲ್ಲಿ ಜೋಳ ಎರಚಿದರೆ ರಾಶಿ ಬಂದು ಇಳಿಯುತ್ತವಲ್ಲ, ಭೂಮಿಯ ಮೇಲಿನ ಹಕ್ಕಿಗಳೆಲ್ಲ ಹೀಗೇ ಯಾರೋ ಎರಚಲಿ ಎಂದು ಕಾದು ಕೂತಿವೆ ಎಂದುಕೊಂಡಿದ್ದಾರೆ. ಎರಚುವವರು ಯಾರು? ನಾವು. ಅದೇ ನನಗೆ ಸಿಟ್ಟು ಬರಿಸುವುದು.

ಕೆಲವು ವರ್ಷಗಳ ಹಿಂದೆ ನನ್ನ ಅಣ್ಣನ ಮಗ ಬೆಂಗಳೂರಿನಿಂದ ಒಂದು ಬರ್ಡ್ ಫೀಡರ್ ತಂದ. ಹಸಿರು ಪ್ಲಾಸ್ಟಿಕ್ಕಿನ ಪುಟ್ಟ ಮನೆ, ಕೆಂಪು ಮಾಡು, ನಾಲ್ಕೂ ಕಡೆ ಕಿಟಕಿ. ನಮ್ಮ ಕೊಟ್ಟಿಗೆಗಿಂತ ಲಕ್ಷಣವಾಗಿತ್ತು. ಜೊತೆಗೆ ಸಜ್ಜೆ, ನವಣೆ, ಸೂರ್ಯಕಾಂತಿ ಬೀಜ ಬೆರೆಸಿದ ಪೊಟ್ಟಣ. ಪೇರಲೆ ಕೊಂಬೆಗೆ ತೂಗುಹಾಕಿ, "ನಾಳೆ ಬೆಳಗ್ಗೆ ನೋಡಿ ಅತ್ತೆ" ಎಂದ. ಬೆಳಗ್ಗೆ ಒಂದು ಕಾಗೆ ಬಂದು, ತಲೆ ಓರೆ ಮಾಡಿ ನೋಡಿ, ಹೋಯಿತು. ಆಮೇಲೆ ಅಳಿಲು ಬಂದು ಮಾಡನ್ನೇ ಕಿತ್ತಿತು. ಕಾಳೆಲ್ಲ ನೆಲದ ಪಾಲು. ರಾತ್ರಿಯಿಡೀ ಇಲಿಗಳಿಗೆ ಸಂತರ್ಪಣೆ. ಇಲಿಗಳ ಜಾಡು ಹಿಡಿದು ಮರುದಿನ ಹಗಲಲ್ಲೇ ಒಂದು ಕೇರೆ ಹಾವು ಬಂತು, ಆಳುದ್ದದ್ದು. ಹುಡುಗ ಜಗಲಿಯಿಂದ ಅಡುಗೆಮನೆಗೆ ಒಂದೇ ನೆಗೆತ. ಕೇರೆಗೆ ವಿಷವಿಲ್ಲ ಮಾರಾಯಾ ಎಂದು ನಾನು ಕೂಗಿದ್ದು ಕೇಳಿಸಿರಲಿಕ್ಕಿಲ್ಲ. ಬಾಗಿಲು ಹಾಕಿ ಚಿಲಕ ಜಡಿದುಕೊಂಡಿದ್ದ.

ಇಷ್ಟೆಲ್ಲ ಗದ್ದಲ ನಡೆಯುವಾಗ, ಆ ಪ್ಲಾಸ್ಟಿಕ್ ಮನೆಯಿಂದ ನಾಲ್ಕು ಮಾರು ಆಚೆ, ಬಾಳೆ ಬುಡದ ದರಗಿನಲ್ಲಿ ನವರಂಗವೊಂದು ತನ್ನ ಪಾಡಿಗೆ ಎಲೆ ಮಗುಚುತ್ತಿತ್ತು. ಹಸಿರು ಬೆನ್ನು, ಕಣ್ಣಿನ ಮೇಲೆ ದಪ್ಪ ಕಪ್ಪು ಪಟ್ಟೆ, ರೆಕ್ಕೆಯಲ್ಲಿ ಹೊಳೆಯುವ ನೀಲಿ, ಹೊಟ್ಟೆಯ ಕೆಳಗೆ ಕುಂಕುಮ ಚೆಲ್ಲಿದ ಕೆಂಪು. ಬಾಲ ಹೆಸರಿಗೆ ಮಾತ್ರ. ತೂಕ ಐವತ್ತು ಅರವತ್ತು ಗ್ರಾಂ. ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ, ಮಳೆ ಮುಗಿಯುತ್ತ ಬಂದಂತೆ ರಾತ್ರಿ ಹೊತ್ತು ಹಾರಿ ದಕ್ಷಿಣಕ್ಕೆ ಬರುವ ಹಕ್ಕಿ. ಅದಕ್ಕೆ ಸಜ್ಜೆ ಬೇಡ, ನವಣೆ ಬೇಡ. ಕೊಳೆತ ಎಲೆಯ ಅಡಿಯ ಎರೆಹುಳ, ಗೆದ್ದಲು, ಇರುವೆ, ಜೀರುಂಡೆ ಬೇಕು. ಹುಡುಗನನ್ನು ಕರೆದು ತೋರಿಸೋಣ ಎಂದರೆ ಅವನು ಚಿಲಕ ತೆಗೆಯಲಿಲ್ಲ.

ಹೊರಡುವಾಗ ಹೇಳಿದ: "ನಿಮ್ಮಲ್ಲಿ ಹಕ್ಕಿ ಕಮ್ಮಿ ಅತ್ತೆ. ಅಭ್ಯಾಸ ಮಾಡಿಸಬೇಕು."

ಅಭ್ಯಾಸ! ಉತ್ತರೆ ಮಳೆ ಮುಗಿಯುವಷ್ಟರಲ್ಲಿ ಬೂದು ಸಿಪಿಲೆ ಬಂದಾಗಿರುತ್ತದೆ. ನಮ್ಮ ಕಡೆ ಅದು ಕುಂಡೆಕುಸ್ಕ. ಒಂದು ಗಳಿಗೆಯೂ ನಿಲ್ಲದ ಆ ಬಾಲವನ್ನು ನೋಡಿದವರು ಹೆಸರಿಗೆ ವಿವರಣೆ ಕೇಳುವುದಿಲ್ಲ. ಬಚ್ಚಲ ನೀರಿನ ಅಂಚಿನಲ್ಲಿ ಓಡಾಡಿಕೊಂಡು ಸೊಳ್ಳೆ, ನೊಣ, ನೀರಹುಳ ಹೆಕ್ಕುತ್ತದೆ. ಹಸ್ತದ ಹೊತ್ತಿಗೆ ಎಲೆಬಣ್ಣದ ಉಲಿಯಕ್ಕಿಗಳು. ಹತ್ತು ಗ್ರಾಂ ಕೂಡ ತೂಗದ ಜೀವಗಳು, ಹಿಮಾಲಯದಿಂದಲೂ ಅದರಾಚೆಯಿಂದಲೂ ಬಂದವು. ಬಂದ ತಕ್ಷಣ ಒಂದೊಂದೂ ತನ್ನ ತನ್ನ ಮರ ಹಿಡಿದು, ಇನ್ನೊಂದು ಹತ್ತಿರ ಬಂದರೆ ಚ್ವೀ ಚ್ವೀ ಎಂದು ಜಗಳ ತೆಗೆಯುತ್ತದೆ. ಚಳಿಗಾಲಕ್ಕೆ ತಂಗಲು ಬಂದವುಗಳಿಗೆ ಇಷ್ಟು ಗಡಿ ತಂಟೆ. ಚಿತ್ತೆಯ ಗುಡುಗಿನೊಂದಿಗೆ ನವರಂಗ, ಸ್ವಾತಿಯ ಆಸುಪಾಸಿಗೆ ಬೂದು ಕಾಜಾಣ, ಉದ್ದ ಬಾಲದ ರಾಜಹಕ್ಕಿ. ಇಷ್ಟರಲ್ಲಿ ಒಂದಾದರೂ ಕಾಳು ತಿನ್ನುವುದಿಲ್ಲ. ಎಲ್ಲಕ್ಕೂ ಹುಳವೇ ಊಟ. ಮಳೆಗಾಲ ಮುಗಿದ ಹಿತ್ತಲಿನಲ್ಲಿ ಹುಳಕ್ಕೆ ಬರವೇ? ಮಧ್ಯಾಹ್ನದ ಮಳೆ ಬಿಟ್ಟು ಎಳೆಬಿಸಿಲು ಬಿದ್ದರೆ ಮಣ್ಣಿನಿಂದ ಈಸಲು ಏಳುತ್ತದೆ, ಅರ್ಧ ಗಂಟೆ ಕಾಜಾಣ, ಕಳ್ಳಿಪೀರ, ಓತಿಕ್ಯಾತ, ಮನೆಯ ಕೋಳಿ ಎಲ್ಲ ಒಂದೇ ಪಂಕ್ತಿ.

ಇಲ್ಲಿಯೇ ಇರುವ ಪಿಕಳಾರ, ಕುಟ್ರುಹಕ್ಕಿಗಳಿಗೆ ಸಂಪಿಗೆ ಮರವಿದೆ. ಕಾಯಿ ಒಡೆದು ಕೆಂಪು ಬೀಜ ಹೊರಬಂತೆಂದರೆ ಅವುಗಳ ಗಲಾಟೆಯಲ್ಲಿ ನಮ್ಮ ಫೋನು ಕೇಳಿಸುವುದಿಲ್ಲ. ಬೇಲಿ ಸಾಲಿನಲ್ಲಿ, ಒಣಗಿದ ಕಾಯಿ ಅಲುಗಾಡಿಸಿದರೆ ಗಿಲಿಗಿಲಿ ಎನ್ನುವ ಗಿಡವೊಂದು ತಾನಾಗಿ ಹುಟ್ಟಿದೆ. ಅದರ ಒಣಗಿದ ಕಡ್ಡಿಗೆ ನೀಲಿ ಚುಕ್ಕೆಯ ಕಪ್ಪು ಚಿಟ್ಟೆಗಳು ಗೊಂಚಲು ಗೊಂಚಲಾಗಿ ಜೋತುಬೀಳುತ್ತವೆ. ಬಹುಪಾಲು ಗಂಡುಗಳು. ಆ ಗಿಡದ ಕಹಿ ರಸ ಹೀರಿ, ಅದರಿಂದ ಹೆಣ್ಣನ್ನು ಸೆಳೆಯುವ ವಾಸನೆ ತಯಾರಿಸಿಕೊಳ್ಳುತ್ತವೆ. ಮನೆಗೆ ಬಂದ ಗಂಡಸರಿಗೆ ಇದನ್ನು ಹೇಳಿದರೆ ಆ ಗಿಡದ ಬೀಜ ಕೇಳುತ್ತಾರೆ.

ಅಂದ ಹಾಗೆ, ಏನೂ ಹಾಕದೆ ನಮ್ಮ ಹಿತ್ತಲಿಗೆ ಬರುವವರಲ್ಲಿ ಮೊದಲ ಸ್ಥಾನ ಮಂಗಗಳದ್ದು. ಬಾಳೆಗೊನೆ, ಪೇರಲೆ, ಎಳೆ ಅಡಿಕೆ ಯಾವುದನ್ನೂ ಬಿಡುವುದಿಲ್ಲ. ರಾತ್ರಿ ಪಾಳಿಗೆ ಮುಳ್ಳುಹಂದಿ, ಕಬ್ಬೆಕ್ಕು, ಬಾವಲಿ. "ಮಂಗ ಬರೋಕೆ ಎಂತ ಹಾಕ್ತೀರಿ" ಎಂದು ಈವರೆಗೆ ಯಾರೂ ಕೇಳಿಲ್ಲ.

ಹಾಕುವುದೇ ಆದರೆ ವರ್ಷಕ್ಕೊಂದು ದಿನ ಹಾಕುತ್ತೇವೆ. ಭೂಮಿ ಹುಣ್ಣಿಮೆಯಂದು ರಾತ್ರಿಯೆಲ್ಲ ಅಡುಗೆ ಮಾಡಿ, ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಬುಟ್ಟಿಯಲ್ಲಿ ತುಂಬಿ, ಬೆಳಕು ಹರಿಯುವ ಮೊದಲೇ ಗದ್ದೆಗೆ ಒಯ್ಯುವುದು. ಬಸಿರಾದ ಭೂಮಿಗೆ ಬಯಕೆಯ ಊಟ. "ಅಚ್ಚಂಬಲಿ, ಹಾಲಂಬಲಿ, ಬೇಲಿ ಮೇಲಿನ ದಾರ ಹೀರೆಕಾಯಿ, ಭೂಮ್ತಾಯಿ ಬಂದು ಉಂಡ್ಹೋಗ್ಲಿ" ಎಂದು ಕೂಗಿ ಬೀರುತ್ತಾರೆ. ಕಾಗೆಗೊಂದು ಎಡೆ, ಇಲಿಗೊಂದು ಎಡೆ. ಇಲಿಗೂ ಇಟ್ಟಿದ್ದನ್ನು ಗಮನಿಸಿ. ಅದು ಹೇಗೂ ತಿನ್ನುತ್ತದೆ ಎಂದು ಗೊತ್ತಿದ್ದವರು ಮಾಡಿದ ಹಬ್ಬ. ನಾವು ಬಡಿಸಿದ್ದರಿಂದಲೇ ಇವೆಲ್ಲ ಬದುಕಿವೆ ಎಂಬ ಗತ್ತು ಅದರಲ್ಲಿ ಇಲ್ಲ. ಬೀರಿ, ಉಂಡು, ಮನೆಗೆ ಬರುತ್ತೇವೆ. ಯಾವುದು ಬಂದು ತಿಂದಿತು ಎಂದು ಮೊಬೈಲು ಹಿಡಿದು ಕಾಯುವುದಿಲ್ಲ.

ಇನ್ನು ಊರಿನವರ ಪ್ರಶ್ನೆ ಬೇರೆ. ಅವರಿಗೆ ಹಕ್ಕಿ ಹೊಸದಲ್ಲ. ಮಳೆಗಾಲ ಮುಗಿದರೆ ಎಲ್ಲರೂ ಅಂಗಳ ಹೆರೆಸಿ, ಬೇಲಿ ಸವರಿ, ಮಷಿನ್ನಿನಲ್ಲಿ ಹುಲ್ಲು ಹೊಡೆಸಿ, ಅಡಿಕೆ ಒಣಗಿಸಲು ಸಜ್ಜಾಗುತ್ತಾರೆ. ನಾನು ಮುಂದಿನ ಅಂಗಳ ಮಾತ್ರ ಹೆರೆಸುತ್ತೇನೆ. ಹಿತ್ತಲಿನ ಆಚೆ ಅಂಚು ಹಾಗೇ. ಪಕ್ಕದ ಮನೆ ಭಾವ ಪ್ರತಿ ವರ್ಷ ಬೇಲಿಯಾಚೆ ನಿಂತು ಹೇಳುತ್ತಾರೆ: "ಇದೆಂತ ಹಿತ್ತಲು ಮಾರಾಯ್ತಿ, ಹಂದಿ ಹೊಕ್ಕರೂ ಕಾಣದು. ಉಣುಗು ಆಗ್ತದೆ, ಹೇಳಿದ್ದೇನೆ."

ನೆಂಟರ ಪ್ರಶ್ನೆಗೆ ಸಿಡುಕಿದ ಹಾಗೆ ಇದಕ್ಕೆ ಸಿಡುಕಲಾರೆ. ಉಣುಗು, ಅಂದರೆ ಉಣ್ಣೆ ಹುಳ, ನಮ್ಮಲ್ಲಿ ಬರೀ ತುರಿಕೆಯ ಮಾತಲ್ಲ. ಅದು ಕಚ್ಚಿ ಹರಡುವ, ಜೀವ ತೆಗೆಯುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. ಅದರ ಹೆಸರನ್ನೇ ಕಾಯಿಲೆಗೆ ಇಟ್ಟರು. 2019ರಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಏನು ಮಾಡಿತು ಎಂಬುದು ಈ ಕಡೆಯ ಎಲ್ಲರಿಗೂ ನೆನಪಿದೆ. ಹಾಗಾಗಿ ಓಡಾಡುವ ಹಾದಿ, ಮನೆಯ ಸುತ್ತು ಗುಡಿಸಿ ಚೊಕ್ಕ ಇಟ್ಟಿರುತ್ತೇನೆ. ಉಣುಗು ಕಚ್ಚದಂತೆ ಆಸ್ಪತ್ರೆಯವರು ಹಂಚುವ ಡೆಪಾ ಎಣ್ಣೆ ಹಚ್ಚದೆ ತೋಟಕ್ಕೆ ಇಳಿಯುವುದಿಲ್ಲ. ಎಲ್ಲಾದರೂ ಮಂಗ ಸತ್ತು ಬಿದ್ದ ಸುದ್ದಿ ಬಂದರೆ ಆ ಅಂಚಿನ ಕಡೆ ತಲೆ ಹಾಕುವುದೇ ಇಲ್ಲ, ಜಗಲಿಯಿಂದ ಬೈನಾಕ್ಯುಲರ್. ಭಾವನಿಗೆ ಇಷ್ಟರಿಂದ ಸಮಾಧಾನವಿಲ್ಲ. ನನಗೆ ಇಷ್ಟಕ್ಕಿಂತ ಹೆಚ್ಚು ಗುಡಿಸುವ ಮನಸ್ಸಿಲ್ಲ. ದರಗು ತೆಗೆದರೆ ನವರಂಗಕ್ಕೆ ಇಲ್ಲಿ ಕೆಲಸವೇ ಇಲ್ಲ.

ಈ ಕಾಯಿಲೆಗೂ ಹಕ್ಕಿಗೂ ಒಂದು ನಂಟಿದೆ. ಕ್ಯಾಸನೂರಿನ ವೈರಸ್ಸು ರಷ್ಯಾದಲ್ಲಿ ಉಣುಗಿನಿಂದಲೇ ಹರಡುವ ಒಂದು ಮಿದುಳುಜ್ವರದ ವೈರಸ್ಸಿಗೆ ಹತ್ತಿರದ್ದು ಎಂದು ಗೊತ್ತಾದಾಗ ವಿಜ್ಞಾನಿಗಳ ಕಣ್ಣು ಹೋದದ್ದು ವಲಸೆ ಹಕ್ಕಿಗಳ ಕಡೆಗೆ. ಸೈಬೀರಿಯಾದಿಂದ ಮಲೆನಾಡಿಗೆ ಉಣುಗು ಹೊತ್ತು ತಂದವರು ಇವರೇ ಇರಬಹುದೇ? ಹಾಗೆ ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳತ್ವದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರ ಸುಮಾರಿಗೆ ದೊಡ್ಡ ಪ್ರಮಾಣದಲ್ಲಿ ಹಕ್ಕಿ ಹಿಡಿದು ಕಾಲಿಗೆ ಉಂಗುರ ಹಾಕುವ ಕೆಲಸ ಶುರುಮಾಡಿತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಆದರೆ ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನಾವು ಇವತ್ತು ಧೈರ್ಯವಾಗಿ ಹೇಳುವುದರಲ್ಲಿ ಬಹಳಷ್ಟು ಆ ಉಂಗುರಗಳಿಂದ ತಿಳಿದದ್ದು. ನಮ್ಮ ಸೀಮೆಯ ಸತ್ತ ಮಂಗಗಳಿಗೂ ಅದರಲ್ಲಿ ಪಾಲಿದೆ ಎಂದು ನೆನೆದರೆ ಒಂಥರಾ ಆಗುತ್ತದೆ.

ಉಂಗುರದಿಂದ ತಿಳಿದ ಇನ್ನೊಂದು ಸಂಗತಿ: ಇಂಥ ಹಕ್ಕಿಗಳಲ್ಲಿ ಎಷ್ಟೋ ಪ್ರತಿ ಚಳಿಗಾಲ ಅದೇ ಜಾಗಕ್ಕೆ ತಿರುಗಿ ಬರುತ್ತವೆ. ಅದೇ ಊರು ಎಂದಲ್ಲ, ಅದೇ ಹಿತ್ತಲು, ಅದೇ ಮರ. ಹಾಗಾದರೆ ನನ್ನನ್ನು ಕೇಳಬೇಕಾದದ್ದು ಇದು: "ಈಗ ಬಚ್ಚಲ ಹತ್ತಿರ ಬಾಲ ಕುಣಿಸ್ತಾ ಇದೆಯಲ್ಲ, ಇದು ಹೋದ ವರ್ಷದ್ದೇನಾ?" ಒಬ್ಬರಾದರೂ ಕೇಳಲಿ. ಆಗ ನಾನು ಇನ್ನೊಂದು ಕವಳ ಮಡಿಸಿ ಕೊಟ್ಟು, ಕೂರಿಸಿಕೊಂಡು, ನಮ್ಮ ಕುಂಡೆಕುಸ್ಕ ಬಚ್ಚಲ ಕಲ್ಲಿನಿಂದ ಬಾಳೆಯ ಬುಡಕ್ಕೆ, ಅಲ್ಲಿಂದ ಸೀಗೆ ಮಟ್ಟಿಗೆ ದಿನಾ ಒಂದೇ ಸುತ್ತು ಹೊಡೆಯುವುದನ್ನು ತೋರಿಸುತ್ತೇನೆ. ಈ ವರ್ಷ ಬಂದ ದಿನವೇ ಅದು ಆ ಸುತ್ತು ಶುರುಮಾಡಿತು, ಹಾದಿ ಹುಡುಕಲಿಲ್ಲ. ಕಾಲಲ್ಲಿ ಉಂಗುರವಿಲ್ಲ, ಆದ್ದರಿಂದ ಆಣೆ ಇಡಲಾರೆ. ಆದರೂ ನನ್ನ ಓಟು ಹೋದ ವರ್ಷದ್ದಕ್ಕೇ. ಹಿಮಾಲಯದ ಯಾವುದೋ ಹಳ್ಳದ ಬದಿಯಿಂದ ಹೊರಟು ನಮ್ಮ ಬಚ್ಚಲ ಕಲ್ಲಿನವರೆಗೆ ದಾರಿ ತಪ್ಪದ ಜೀವಕ್ಕೆ ಅಕ್ಕಿ ಹಾಕಿ ಅಭ್ಯಾಸ ಮಾಡಿಸಬೇಕಂತೆ!

ನೀವು ಹಾಕಲೇಬೇಕು ಎಂದಿದ್ದರೆ ಬೆಕ್ಕನ್ನು ಒಳಗೆ ಹಾಕಿ. ಅಕ್ಟೋಬರದ ಬೆಳಗುಗಳಲ್ಲಿ, ರಾತ್ರಿಯೆಲ್ಲ ಹಾರಿ ಸುಸ್ತಾದ ನವರಂಗಗಳು ಬಚ್ಚಲು, ಕೊಟ್ಟಿಗೆ, ಕಾರ್ ಶೆಡ್ಡು ಎನ್ನದೆ ಸಿಕ್ಕಲ್ಲಿ ಇಳಿದು ಕೂತಿರುತ್ತವೆ. ಬೆಕ್ಕಿಗೆ ಹಾರುವ ಶ್ರಮವೂ ಇಲ್ಲ. ಹೊಸ ಮನೆಗಳ ಆಳೆತ್ತರದ ಗಾಜಿಗೆ ಒಂದು ಪರದೆ ಹಾಕಿ, ರಾತ್ರಿ ದೀಪ ಆರಿಸಿ.

ಹೋದ ವರ್ಷ ಅಣ್ಣನ ಮಗನೇ ಬೆಳ್ಳಂಬೆಳಗ್ಗೆ ಫೋನ್ ಮಾಡಿದ. ಅವನ ಅಪಾರ್ಟ್‌ಮೆಂಟಿನ ಗಾಜಿಗೆ ಬಡಿದು ಬಣ್ಣಬಣ್ಣದ ಹಕ್ಕಿಯೊಂದು ಬಾಲ್ಕನಿಯಲ್ಲಿ ಬಿದ್ದಿದೆ, ಉಸಿರಾಡುತ್ತಿದೆ. "ಏನು ಹಾಕ್ಲಿ ಅತ್ತೆ?" ಏನೂ ಹಾಕಬೇಡ, ಅದನ್ನೇ ಒಂದು ರಟ್ಟಿನ ಡಬ್ಬಿಯಲ್ಲಿ ಹಾಕು, ಗಾಳಿಗೆ ತೂತು ಮಾಡು, ಮುಚ್ಚಿ ಕತ್ತಲಲ್ಲಿಡು, ಮುಟ್ಟಿ ಮುಟ್ಟಿ ನೋಡಬೇಡ, ಚೇತರಿಸಿಕೊಂಡಿತೆಂದರೆ ಮರ ಪೊದೆ ಇರುವ ಕಡೆ ಬಿಡು ಎಂದೆ. ಸಂಜೆ ಪಾರ್ಕಿನಲ್ಲಿ ಬಿಟ್ಟನಂತೆ, ನೇರ ಪೊದೆಯೊಳಗೆ ಹೊಕ್ಕಿತಂತೆ. ಬಿಡುವ ಮೊದಲು ತೆಗೆದ ಫೋಟೋ ಕಳಿಸಿದ. ನವರಂಗವೇ, ಸಂಶಯವಿಲ್ಲ. ಡಬ್ಬಿಯ ಮೂಲೆಯಲ್ಲಿ ಒಂದು ಹಿಡಿ ಸಜ್ಜೆ.