ಸುಮ್ಮನಾದ ಮಗು

ಆಸ್ಪತ್ರೆಯ ಸಿಬ್ಬಂದಿಗೆ ನಾನು ನಡೆಸಿದ ತರಬೇತಿಯ ಹೆಸರಿನಲ್ಲಿ ‘ಟ್ರಾಮಾ’ ಎಂಬ ಪದವಿದ್ದುದರಿಂದ, ಆ ದಿನ ಬಂದವರಲ್ಲಿ ಹೆಚ್ಚಿನವರು ರಸ್ತೆ ಅಪಘಾತದಲ್ಲಿ ಗಾಯಗೊಂಡ ಮಕ್ಕಳ ಆರೈಕೆಯನ್ನು ಹೇಳಿಕೊಡುತ್ತಾರೆಂದೇ ಭಾವಿಸಿದ್ದರು. ನಮ್ಮ ಆಸ್ಪತ್ರೆಗಳಲ್ಲಿ ಆ ಪದಕ್ಕೆ ಬಳಕೆಯಲ್ಲಿರುವ ಅರ್ಥವೇ ಅದು. ಹಾಗಾಗಿ, ನಾವು ಮಾತನಾಡಲಿರುವುದು ಮನಸ್ಸಿಗೆ ಬೀಳುವ ಪೆಟ್ಟಿನ ಬಗ್ಗೆ, ಅದರಲ್ಲಿ ಒಂದಿಷ್ಟು ಪೆಟ್ಟು ನಮ್ಮ ಕೈಯಿಂದಲೇ ಬೀಳುತ್ತದೆ ಎಂಬುದರ ಬಗ್ಗೆ ಎಂದು ಮೊದಲಿಗೇ ತಿಳಿಸಬೇಕಾಯಿತು.

ಅದು ಉತ್ತರ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೊಂದಿಕೊಂಡಿದ್ದ ಸಣ್ಣ ಕೋಣೆ. ವೈದ್ಯರು ಮತ್ತು ಸ್ಟಾಫ್ ನರ್ಸ್‌ಗಳ ಜೊತೆಗೆ ರಕ್ತ ತೆಗೆಯುವ ಲ್ಯಾಬ್ ಟೆಕ್ನಿಷಿಯನ್, ಆಯಾಗಳು, ಬಾಗಿಲು ಕಾಯುವವರು ಎಲ್ಲರೂ ಇರಲೇಬೇಕೆಂದು ನಾನು ಪಟ್ಟು ಹಿಡಿದಿದ್ದೆ. ಆಸ್ಪತ್ರೆಗೆ ಬಂದ ಮಗು ಮೊದಲು ನೋಡುವ ಮುಖ ಬಾಗಿಲು ಕಾಯುವವರದು. ಸೂಜಿ ಹಾಕುವಾಗ ಅದರ ಕಾಲು ಹಿಡಿಯುವ ಕೈ ಆಯಾ ಅವರದು.

ಪಾಠಕ್ಕಿಂತ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಂಡೆ. ನಾನು ಸ್ಟಾಫ್ ನರ್ಸ್ ಆಗಿದ್ದ ಮೊದಲ ವರ್ಷಗಳಲ್ಲಿ, ವಾಂತಿಭೇದಿಯಿಂದ ಸೊರಗಿದ್ದ ನಾಲ್ಕು ವರ್ಷದ ಹುಡುಗನೊಬ್ಬನಿಗೆ ಡ್ರಿಪ್ ಹಾಕಬೇಕಿತ್ತು. ನರ ಸಿಗುತ್ತಿರಲಿಲ್ಲ. ತಾಯಿಯನ್ನು ಹೊರಗೆ ಕಳಿಸಿ, ಹುಡುಗನನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಮೂವರು ಒತ್ತಿ ಹಿಡಿದೆವು. ಎರಡು ಸಲ ಚುಚ್ಚಿದಾಗ ಕಿರುಚಿದವನು ಮೂರನೆಯ ಸಲ ಚುಚ್ಚುವಾಗ ಥಟ್ಟನೆ ಸುಮ್ಮನಾದ. ನಾನು ನೆಮ್ಮದಿಯಿಂದ ‘ಮಗು ಸಹಕರಿಸಿತು’ ಎಂದು ಕೇಸ್ ಶೀಟಿನಲ್ಲಿ ಬರೆದೆ. ಅವನು ಆಮೇಲೆ ತಾಯಿಯೊಡನೆಯೂ ಮಾತನಾಡಲಿಲ್ಲ, ಬಿಳಿ ಸಮವಸ್ತ್ರ ಹಾದುಹೋದಾಗಲೆಲ್ಲ ಡ್ರಿಪ್ ಹಾಕಿದ್ದ ಕೈಯನ್ನು ಹೊದಿಕೆಯೊಳಗೆ ಎಳೆದುಕೊಳ್ಳುತ್ತಿದ್ದ. ಅಪಾಯ ಎದುರಾದಾಗ ದೇಹ ಹೋರಾಡುತ್ತದೆ ಅಥವಾ ಓಡುತ್ತದೆ, ಎರಡೂ ಸಾಧ್ಯವಾಗದಿದ್ದರೆ ಮರಗಟ್ಟಿ ನಿಲ್ಲುತ್ತದೆ ಎಂಬುದನ್ನು ನಾನು ಓದಿ ತಿಳಿದದ್ದು ಬಹಳ ವರ್ಷಗಳ ನಂತರ.

1998ರಲ್ಲಿ ಅಮೆರಿಕದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಅವರ ತಂಡ ಪ್ರಕಟಿಸಿದ ಅಧ್ಯಯನವು, ಬಾಲ್ಯದಲ್ಲಿ ಅನುಭವಿಸಿದ ಹಿಂಸೆ ಮತ್ತು ಮನೆಯ ಕಷ್ಟಗಳು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ, ಖಿನ್ನತೆ ಮುಂತಾದವು ಹೆಚ್ಚಾಗಿ ಕಾಣುವುದನ್ನು ತೋರಿಸಿತ್ತು ಎಂಬುದನ್ನು ಚುಟುಕಾಗಿ ಹೇಳಿದೆ. ವೈದ್ಯರಿಗೆ ಬೇಗ ನಾಟಿದ್ದು ಬೇರೆಯದು. ತುರ್ತು ಚಿಕಿತ್ಸೆಯಲ್ಲಿ ಶ್ವಾಸಮಾರ್ಗ (ಏರ್‌ವೇ), ಉಸಿರಾಟ (ಬ್ರೀದಿಂಗ್), ರಕ್ತಸಂಚಾರ (ಸರ್ಕ್ಯುಲೇಷನ್) ಎಂಬ ಎ-ಬಿ-ಸಿ ಅವರಿಗೆ ನಾಲಿಗೆಯ ತುದಿಯಲ್ಲಿದೆ. ಅದರ ಮುಂದಿನ ಡಿ-ಇ-ಎಫ್ ಎಂದರೆ ಮಗುವಿನ ಸಂಕಟವನ್ನು (ಡಿಸ್ಟ್ರೆಸ್) ಗುರುತಿಸುವುದು, ಭಾವನಾತ್ಮಕ (ಎಮೋಷನಲ್) ಆಸರೆ ಕೊಡುವುದು ಮತ್ತು ಕುಟುಂಬವನ್ನು (ಫ್ಯಾಮಿಲಿ) ಜೊತೆಗಿಟ್ಟುಕೊಳ್ಳುವುದು ಎಂದಾಗ ಕೆಲವರು ಪುಸ್ತಕದಲ್ಲಿ ಬರೆದುಕೊಂಡರು.

ನಂತರ ಒಬ್ಬೊಬ್ಬರನ್ನೇ ಪರೀಕ್ಷೆಯ ಮಂಚದ ಮೇಲೆ ಅಂಗಾತ ಮಲಗಿಸಿ, ನಾಲ್ವರು ಮಾಸ್ಕ್ ಧರಿಸಿ ಸುತ್ತ ಬಗ್ಗಿ ನಿಲ್ಲುವಂತೆ ಮಾಡಿದೆವು. ಆ ವಾರ್ಡಿನಲ್ಲೇ ಕೂದಲು ನರೆತ ಆಯಾ ಒಬ್ಬರು ಎದ್ದು ಕುಳಿತವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. “ಎಷ್ಟ್ ಹುಡುಗರ ಕಾಲ ಹಿಡದೀನ್ರಿ ಅಕ್ಕಾರ, ಮಲಗಿದವರಿಗೆ ನಾವು ಹಿಂಗ ಕಾಣ್ತೀವಂತ ಗೊತ್ತ ಇದ್ದಿಲ್ರಿ” ಎಂದರು. ನಾನು ತಂದಿದ್ದ ಸ್ಲೈಡುಗಳಲ್ಲಿ ಇದಕ್ಕಿಂತ ಹೆಚ್ಚಿನದು ಏನೂ ಇರಲಿಲ್ಲ.

ಮಾತಿನ ಅಭ್ಯಾಸಕ್ಕೆ ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯಿತು. ‘ಅತ್ತರೆ ಡಾಕ್ಟರ್ ಸೂಜಿ ಚುಚ್ಚುತ್ತಾರೆ’ ಎಂಬ ಬೆದರಿಕೆಯನ್ನು ಮನೆಯಲ್ಲೇ ಕೇಳಿಕೊಂಡು ಬರುವ ಮಗುವಿಗೆ, ಚಿಕಿತ್ಸೆಯೆಂದರೆ ತಾನು ಮಾಡಿದ ತಪ್ಪಿಗೆ ಶಿಕ್ಷೆ. ಅಂಥ ಮಗುವಿಗೆ ‘ನೋವೇ ಆಗುವುದಿಲ್ಲ’ ಎಂದು ಹೇಳಿ ಚುಚ್ಚಿದರೆ ನಮ್ಮ ಮುಂದಿನ ಯಾವ ಮಾತನ್ನೂ ಅದು ನಂಬುವುದಿಲ್ಲ. ‘ಚುಚ್ಚಲಾ?’ ಎಂದು ಕೇಳುವುದೂ ಸರಿಯಲ್ಲ, ಏಕೆಂದರೆ ಬೇಡವೆನ್ನುವ ಅವಕಾಶ ಅಲ್ಲಿ ನಿಜಕ್ಕೂ ಇಲ್ಲ. ಯಾವ ಕೈ ಎಂಬುದನ್ನು ಮಗು ಹೇಳಬಹುದು, ನೋಡುವುದೋ ಕಣ್ಣು ಮುಚ್ಚುವುದೋ ಎಂಬುದನ್ನೂ ಹೇಳಬಹುದು. ಎಷ್ಟು ಎಣಿಸುವಷ್ಟರಲ್ಲಿ ಮುಗಿಯುತ್ತದೆಂದು ಹೇಳಿದರೆ ಅಷ್ಟರಲ್ಲೇ ನಿಲ್ಲಿಸಬೇಕು.

ಒಬ್ಬ ಕಿರಿಯ ವೈದ್ಯರು, ಹೊರಗೆ ಅಷ್ಟುದ್ದದ ಸರದಿ ಇರುವಾಗ ಇದಕ್ಕೆಲ್ಲ ಸಮಯವೆಲ್ಲಿದೆ ಎಂದು ಕೇಳಿದರು. ಅದು ಉಡಾಫೆಯ ಪ್ರಶ್ನೆಯಾಗಿರಲಿಲ್ಲ. ಅವರ ಕಣ್ಣುಗಳಲ್ಲಿ ರಾತ್ರಿ ಪಾಳಿಯ ದಣಿವಿತ್ತು. ಸಿಬ್ಬಂದಿಯ ಕೊರತೆಯನ್ನು ತರಬೇತಿಯಿಂದ ತುಂಬಲಾಗದು ಎಂದು ಒಪ್ಪಿಕೊಂಡೆ. ಆದರೆ ತಾಯಿಯನ್ನು ಹೊರಗೆ ಕಳಿಸದಿರಲು ಸಮಯ ಬೇಕಿಲ್ಲ. 2012ರ ಪೋಕ್ಸೊ ಕಾಯ್ದೆಯ 27ನೇ ಸೆಕ್ಷನ್, ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವಿನ ವೈದ್ಯಕೀಯ ಪರೀಕ್ಷೆಯನ್ನು ಪಾಲಕರ ಅಥವಾ ಮಗು ನಂಬುವ ವ್ಯಕ್ತಿಯ ಸಮ್ಮುಖದಲ್ಲಿ ನಡೆಸಬೇಕೆನ್ನುತ್ತದೆ. ಯಾವ ಮಗು ಮನೆಯಲ್ಲಿ ಏನನ್ನು ಸಹಿಸಿಕೊಂಡು ಬಂದಿದೆಯೆಂದು ನಮಗೆ ತಿಳಿಯುವುದೇ ಅಪರೂಪವಾಗಿರುವಾಗ, ಅದೇ ಕಾಳಜಿಯನ್ನು ಪ್ರತಿಯೊಂದು ಮಗುವಿಗೂ ತೋರುವುದೇ ಸುರಕ್ಷಿತ ದಾರಿ.

ಮಧ್ಯಾಹ್ನ ವಾರ್ಡಿನಲ್ಲಿ ಡ್ರೆಸ್ಸಿಂಗ್ ಬದಲಿಸುವ ಹೊತ್ತು. ಬಿಸಿ ಸಾರು ಬಿದ್ದು ತೊಡೆ ಸುಟ್ಟುಕೊಂಡಿದ್ದ ಏಳು ವರ್ಷದ ಹುಡುಗ ಟ್ರಾಲಿಯ ಸದ್ದು ಕೇಳಿದೊಡನೆ ನಡುಗತೊಡಗಿದ. ಅಲ್ಲಿಯ ನರ್ಸ್ ಅಂದು ಟ್ರಾಲಿಯನ್ನು ದೂರವೇ ನಿಲ್ಲಿಸಿದರು. ವೈದ್ಯರು ಬರೆದಿದ್ದ ನೋವಿನ ಔಷಧಿಯನ್ನು, ಕೆಲಸ ಮುಗಿದ ಮೇಲೆ ಕೊಡುವ ವಾಡಿಕೆಯನ್ನು ಬಿಟ್ಟು, ಮೊದಲೇ ಕೊಟ್ಟು ಅದು ಹಿಡಿಯುವವರೆಗೆ ಕಾದರು. ಹುಡುಗನನ್ನು ತಾಯಿಗೆ ಒರಗಿಸಿ ಕೂರಿಸಿ, ಸಲೈನ್ ತುಂಬಿದ ಸಿರಿಂಜನ್ನು ಸೂಜಿಯಿಲ್ಲದೆ ಅವನ ಕೈಗೆ ಕೊಟ್ಟು, ಅಂಟಿಕೊಂಡಿದ್ದ ಹಳೆಯ ಗಾಜ್ ಬಟ್ಟೆಯನ್ನು ಅವನೇ ತೋಯಿಸಲು ಬಿಟ್ಟರು. ಬೆಳಿಗ್ಗೆಯ ಆಯಾ ಕಾಲು ಹಿಡಿಯಲಿಲ್ಲ, ಅವನ ಕಣ್ಣಿನ ಮಟ್ಟಕ್ಕೆ ನೆಲದ ಮೇಲೆ ಕುಳಿತರು. ‘ಕೈ ಎತ್ತಿದ್ಯಂದ್ರ ನಿಲ್ಲಸ್ತಾರಪಾ’ ಎಂದು ಅವನಿಗೆ ಹೇಳಿದವರೂ ಅವರೇ.

ಅವನು ಅತ್ತ, ಜೋರಾಗಿಯೇ ಅತ್ತ, ನಡುವೆ ಮೂರು ಸಲ ಕೈ ಎತ್ತಿದ. ಮೊದಲ ಸಲ ನರ್ಸ್ ನಿಜಕ್ಕೂ ಕೈ ತೆಗೆದಾಗ ಅವನು ಅಳು ನಿಲ್ಲಿಸಿ ಅವರ ಮುಖವನ್ನೇ ನೋಡಿದ. ಕೆಲಸಕ್ಕೆ ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು, ಆದರೆ ಒತ್ತಿ ಹಿಡಿಯಲು ಯಾರನ್ನೂ ಕರೆಯಬೇಕಾಗಲಿಲ್ಲ. ಸಂಜೆ ಹೊರಡುವ ಮುನ್ನ ಕೇಸ್ ಶೀಟನ್ನು ತೆರೆದು ನೋಡಿದೆ. ನರ್ಸ್ ಬರೆದಿದ್ದರು: ‘ಮೂರು ಬಾರಿ ನಿಲ್ಲಿಸಲು ಹೇಳಿದ, ನಿಲ್ಲಿಸಲಾಯಿತು. ಮುಂದಿನ ಡ್ರೆಸ್ಸಿಂಗ್‌ಗೂ ತಾಯಿ ಜೊತೆಗಿರಲಿ. ಬಟ್ಟೆಯನ್ನು ಅವನೇ ತೋಯಿಸುತ್ತಾನೆ.’