ಅಳಲೆಕಾಯಿ ನೀರಲ್ಲಿ ಕೋಳಿ ಮೂಳೆ: ಪ್ರಯೋಗ ಎಲ್ಲಿಗೆ ಬಂತು

ಹಲ್ಲಿನ ಒಳಪದರದಂಥ ಎಳೆಗಳನ್ನು ಅಳಲೆಕಾಯಿ ಕಷಾಯ ಬಿಗಿಗೊಳಿಸುತ್ತದೆಯೇ ಅಂತ ಕೋಳಿ ಮೂಳೆ ಮೇಲೆ ನೋಡುತ್ತಿದ್ದೇನೆ. ವಿನೆಗರ್‌ನಲ್ಲಿ ಹಾಕಿಟ್ಟಿದ್ದ ಕೋಳಿ ಮೂಳೆಗಳು ಪೂರ್ತಿ ಮೆತ್ತಗಾಗಿವೆ. ಬಗ್ಗಿಸಿದರೂ ಮುರಿಯಲ್ಲ. ಸುಣ್ಣದ ಅಂಶ ಕರಗಿಹೋಗಿ ಉಳಿದಿರುವುದು ಹೆಚ್ಚಾಗಿ ಕೊಲಾಜೆನ್, ಅಂದ್ರೆ ಎಳೆಎಳೆಯಾದ ಪ್ರೋಟೀನ್. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕೆಳಗಿನ ಡೆಂಟಿನ್‌ನಲ್ಲೂ ಇದೇ ಜಾತಿಯ ಕೊಲಾಜೆನ್ ಇದೆ, ಅದಕ್ಕೇ ಮೂಳೆ ಆರಿಸಿಕೊಂಡೆ.

ಇದೆಲ್ಲ ಯಾಕೆ ಅಂದ್ರೆ, ಫಿಲ್ಲಿಂಗ್ ಹಾಕುವಾಗ ಡಾಕ್ಟರು ಫಾಸ್ಫಾರಿಕ್ ಆಸಿಡ್ ಜೆಲ್ ಹಚ್ಚಿ, ಸುಮಾರು 15 ಸೆಕೆಂಡ್ ಬಿಟ್ಟು ತೊಳೆಯುತ್ತಾರಲ್ಲ, ಆಗ ಡೆಂಟಿನ್‌ನ ಮೇಲ್ಪದರದ ಖನಿಜ ಹೋಗಿ ಕೊಲಾಜೆನ್ ಎಳೆಗಳಷ್ಟೇ ಉಳಿಯುತ್ತವೆ, ಅಂಟು ಅವುಗಳ ನಡುವೆ ಇಳಿದು ಹಿಡಿಯಬೇಕು. ಇಳಿಯದ ಕಡೆ ಡೆಂಟಿನ್ ಒಳಗಿನ ಎನ್‌ಜೈಮ್‌ಗಳೇ ಆ ಎಳೆಗಳನ್ನು ನಿಧಾನವಾಗಿ ತಿಂದುಹಾಕುತ್ತವೆ. ದ್ರಾಕ್ಷಿ ಬೀಜದ ಪಾಲಿಫಿನಾಲ್‌ಗಳು ಎಳೆಗೆ ಎಳೆ ಬಿಗಿದು ಇದನ್ನು ತಡೆಯುತ್ತವೆ. ಶಿಕಾಗೋದಲ್ಲಿ ದಂತ ಸಂಶೋಧಕಿ ಅನಾ ಬೆಡ್ರಾನ್-ರುಸ್ಸೋ ಅವರ ತಂಡ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಚರ್ಮ ಹದ ಮಾಡುವವರು ಅಳಲೆಕಾಯಿ, ತಂಗಡಿ ಚಕ್ಕೆ ಬಳಸುವುದೂ ಇದೇ ಕಾರಣಕ್ಕೆ: ಚರ್ಮದಲ್ಲೂ ಕೊಲಾಜೆನ್ ಇದೆ, ಅವುಗಳಲ್ಲಿರುವ ಒಗರಿನ ಟ್ಯಾನಿನ್‌ಗಳೂ ಪಾಲಿಫಿನಾಲ್‌ಗಳೇ.

ಮೂಳೆಯನ್ನು ಉದ್ದಕ್ಕೆ ಸೀಳಿ, ಒಂದು ಪಾಲನ್ನು ಅಳಲೆಕಾಯಿ ಕಷಾಯದಲ್ಲಿ, ಇನ್ನೊಂದನ್ನು ಬರೀ ನೀರಲ್ಲಿ ನೆನೆಸಿದೆ. ಕಷಾಯದ್ದು ಕಂದು ಬಣ್ಣಕ್ಕೆ ತಿರುಗಿ ಬಿಗಿಯಾಯ್ತು. ಮೇಜಿನ ಅಂಚಿಗೆ ಒಂದೇ ಉದ್ದ ಚಾಚಿಟ್ಟರೆ ನೀರಿನದು ಜೋತು ಬೀಳುತ್ತದೆ, ಕಷಾಯದ್ದು ಹೆಚ್ಚು ಕಡಿಮೆ ನೇರ ನಿಲ್ಲುತ್ತದೆ. ನನಗೆ ಜಾಸ್ತಿ ಖುಷಿ ಕೊಟ್ಟದ್ದು ಬಿಸಿ ನೀರಿನ ಪರೀಕ್ಷೆ. ಹಸಿ ಚರ್ಮ 60-65 ಡಿಗ್ರಿಯಲ್ಲಿ ಮುದುಡುತ್ತದೆ, ಸಸ್ಯದ ಟ್ಯಾನಿನ್‌ನಿಂದ ಹದ ಮಾಡಿದ್ದು 70 ದಾಟಿದರೂ ತಡೆಯುತ್ತದೆ. ಥರ್ಮಾಮೀಟರ್ 70 ತೋರಿಸುವಾಗ ಎರಡನ್ನೂ ಒಟ್ಟಿಗೆ ಇಳಿಸಿದೆ. ನೀರಿನದು ಕಣ್ಣೆದುರೇ ಸುರುಳಿಯಾಗಿ ಚಿಕ್ಕದಾಯ್ತು, ಕಂದು ಪಟ್ಟಿ ಹಾಗೇ ಇತ್ತು.

ಹಾಗಂತ ಯಾರೂ ಅಳಲೆಕಾಯಿ ಕಷಾಯ ಬಾಯಿ ತುಂಬಾ ಇಟ್ಟುಕೊಂಡು ಕೂರಬೇಡಿ. ಎನಾಮಲ್ ಬಹುಪಾಲು ಬರೀ ಖನಿಜ, ಅಲ್ಲಿ ಬಿಗಿಯಲು ಕೊಲಾಜೆನ್ ಇಲ್ಲ, ಕಲೆ ಮಾತ್ರ ಉಳಿಯುತ್ತದೆ. ಅಡಿಕೆಯಲ್ಲೂ ಟ್ಯಾನಿನ್ ಇದೆಯಲ್ವಾ ಅಂತ ಕೇಳಿದವರಿಗೆ: ಇದೆ, ಆದರೆ ಅಡಿಕೆ ಜಗಿಯುವವರ ಬಾಯಿ ಬಿಗಿದು ತೆರೆಯಲಾಗದೆ ಹೋಗುವ ಕಾಯಿಲೆಯಲ್ಲಿ, ಕೆನ್ನೆಯ ಒಳಗಿನ ಕೊಲಾಜೆನ್ ಗಟ್ಟಿಯಾಗುವುದಕ್ಕೆ ಆ ಟ್ಯಾನಿನ್‌ಗಳದೂ ಪಾಲಿದೆ. ಅಡಿಕೆ ಕ್ಯಾನ್ಸರ್ ತರುವ ಪಟ್ಟಿಯಲ್ಲೂ ಇದೆ. ದಯವಿಟ್ಟು ಬೇಡ.

ಮುಂದಿನದು ದ್ರಾಕ್ಷಿ ಬೀಜ. ಬೀಜ ಒಣಗಿಸಿ ಪುಡಿ ಮಾಡಿಟ್ಟಿದ್ದೇನೆ. ಈ ಸಲ ರಾತ್ರಿಯಿಡೀ ನೆನೆಸುವುದಿಲ್ಲ, ಒಂದೇ ನಿಮಿಷ ಅದ್ದಿ ತೆಗೆಯುತ್ತೇನೆ. ಡೆಂಟಿಸ್ಟ್ ಕುರ್ಚಿಯಲ್ಲಿ ಬಾಯಿ ತೆರೆದು ಕೂತವರನ್ನು ಅದಕ್ಕಿಂತ ಜಾಸ್ತಿ ಕಾಯಿಸೋಕಾಗಲ್ಲ, ಅಷ್ಟರಲ್ಲೇ ಏನಾದರೂ ಬಿಗಿಯುತ್ತದೆಯೇ ಅಂತ ಅದೇ 70 ಡಿಗ್ರಿ ನೀರಲ್ಲಿ ನೋಡಬೇಕು.