ಇಪ್ಪತ್ತು ನಿಮಿಷ ತಂಪು, ಆಮೇಲೆ ಬಿಸಿಗಾಳಿ: ಹಳೆ ಸ್ಪೋರ್ಟ್ಸ್ ಕಾರಿನ ಎಸಿ ಕೆಲಸ

ಮೊದಲ ಶನಿವಾರ

ಕಾರು 1992ರದ್ದು, ಎರಡೇ ಸೀಟು. ಎಂಜಿನ್, ಬ್ರೇಕು, ಸಸ್ಪೆನ್ಷನ್ ಕೆಲಸ ಹೋದ ವರ್ಷವೇ ಮುಗಿದಿತ್ತು. ಉಳಿದದ್ದು ಎಸಿ. ಹೊರಟಾಗ ಗಾಳಿ ತಣ್ಣಗೆ ಬರುತ್ತದೆ, ಇಪ್ಪತ್ತು ನಿಮಿಷ ಓಡಿಸುವಷ್ಟರಲ್ಲಿ ಬಿಸಿಯಾಗುತ್ತದೆ. ಅರ್ಧ ಗಂಟೆ ನಿಲ್ಲಿಸಿ ಮತ್ತೆ ಹೊರಟರೆ ಮತ್ತೆ ತಂಪು. ಇಂಥ ಕಾರುಗಳಲ್ಲಿ ಒಳಗೆ ಜಾಗ ಕಮ್ಮಿ, ಗಾಜು ಜಾಸ್ತಿ, ಗೇರ್‌ಬಾಕ್ಸಿನ ಕಾವು ನೇರ ಕಾಲಿಗೇ ತಾಗುತ್ತದೆ. ಬಿಸಿಲಲ್ಲಿ ಎಸಿ ಇಲ್ಲದೆ ದೂರ ಹೋಗುವುದು ಕಷ್ಟ.

ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ಗ್ಯಾಸ್ ಹಾಕಿಸಿ. ಹಿಂದಿನ ಮಾಲೀಕರೂ ಅದನ್ನೇ ಮಾಡುತ್ತ ಬಂದಿದ್ದರು. ಅಳತೆ ತೆಗೆಯದೆ ಒಂದು ಗ್ರಾಂ ಗ್ಯಾಸನ್ನೂ ಹಾಕುವುದಿಲ್ಲ ಎಂದು ತೀರ್ಮಾನಿಸಿಯೇ ಬಾನೆಟ್ ಎತ್ತಿದೆ.

ಒಳಗಿನ ಸ್ಟಿಕ್ಕರಿನಲ್ಲಿ ಆರ್-12 (ಹಳೆ ಕಾಲದ ಎಸಿ ಗ್ಯಾಸ್), 850 ಗ್ರಾಂ ಎಂದಿದೆ. ಆದರೆ ಗ್ಯಾಸ್ ತುಂಬುವ ಬಾಯಿಗಳಿಗೆ, ಅದರ ಬದಲಿಗೆ ಬಂದ ಆರ್-134ಎ ಗ್ಯಾಸಿನ ಅಡಾಪ್ಟರ್ ಕೂತಿವೆ. ಓಝೋನ್ ಪದರಕ್ಕೆ ಹಾನಿ ಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಆರ್-12 ತಯಾರಿಕೆ ಹಂತಹಂತವಾಗಿ ನಿಂತಿತು. ಹಾಗಾಗಿ ಆ ಕಾಲದ ಬಹಳಷ್ಟು ಕಾರುಗಳು ಹೀಗೆ ಬದಲಾಗಿವೆ. ಬದಲಾಯಿಸುವಾಗ ಎಣ್ಣೆಯನ್ನೂ ಬದಲಾಯಿಸಬೇಕು, ಏಕೆಂದರೆ ಆರ್-12 ಜೊತೆ ಬರುತ್ತಿದ್ದ ಮಿನರಲ್ ಎಣ್ಣೆ ಆರ್-134ಎಯಲ್ಲಿ ಬೆರೆಯುವುದಿಲ್ಲ. ಬೆರೆಯದ ಎಣ್ಣೆ ಪೈಪುಗಳಲ್ಲೇ ಉಳಿದುಬಿಡುತ್ತದೆ, ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರ್ ಒಣಗುತ್ತದೆ. ಈ ಕಾರಿನಲ್ಲಿ ಯಾವ ಎಣ್ಣೆ ಇದೆಯೆಂದು ಎಲ್ಲೂ ಬರೆದಿರಲಿಲ್ಲ.

ಎಂಜಿನ್ ಆಫ್ ಇರುವಾಗ ಗೇಜ್ ಹಾಕಿದೆ. ಹೊರಗೆ 30 ಡಿಗ್ರಿ, ಎರಡೂ ಗೇಜುಗಳಲ್ಲಿ 96 ಪಿಎಸ್‌ಐ. ಇದನ್ನು ನೋಡಿ ಗ್ಯಾಸ್ ಸರಿಯಾಗಿದೆ ಎನ್ನುವವರು ಬಹಳ. ಒಳಗೆ ಸ್ವಲ್ಪವೇ ದ್ರವ ಉಳಿದಿದ್ದರೂ 30 ಡಿಗ್ರಿಯಲ್ಲಿ ಆರ್-134ಎ ತೋರಿಸುವುದು ಅಷ್ಟೇ ಒತ್ತಡ. ನೂರು ಗ್ರಾಂ ಇದ್ದರೂ ಅಷ್ಟೇ, ಪೂರ್ತಿ ಇದ್ದರೂ ಅಷ್ಟೇ. ಪೂರಾ ಖಾಲಿಯಾಗಿಲ್ಲ ಎಂಬುದಷ್ಟೇ ಇದರಿಂದ ತಿಳಿಯುತ್ತದೆ.

ಎಂಜಿನ್ ಸ್ಟಾರ್ಟ್ ಮಾಡಿದ ಮೇಲೆ ನಿಜ ಕಾಣಿಸಿತು. ಕಡಿಮೆ ಒತ್ತಡದ ಕಡೆ 18, ಹೆಚ್ಚಿನ ಕಡೆ 130. 28 ಪಿಎಸ್‌ಐ ಒತ್ತಡದಲ್ಲಿ ಆರ್-134ಎ ಕುದಿಯುವುದು ಸೊನ್ನೆ ಡಿಗ್ರಿಯಲ್ಲಿ. 18ಕ್ಕೆ ಇಳಿದರೆ ಸೊನ್ನೆಗಿಂತ ಸುಮಾರು 7 ಡಿಗ್ರಿ ಕೆಳಗೆ. ಒಳಗಿನ ಗಾಳಿಯನ್ನು ತಂಪು ಮಾಡುವ ಎವಾಪರೇಟರಿನ ಒಂದು ಮೂಲೆ ಮಾತ್ರ ಅತಿಯಾಗಿ ತಣ್ಣಗಾಗುತ್ತಿದೆ, ಉಳಿದ ಭಾಗಕ್ಕೆ ದ್ರವವೇ ತಲುಪುತ್ತಿಲ್ಲ. ಗ್ಯಾಸ್ ಕಮ್ಮಿ ಎಂಬುದು ಖಚಿತವಾಯಿತು. ಹೋಗುತ್ತಿರುವುದು ಎಲ್ಲಿಂದ ಎನ್ನುವುದು ಬಾಕಿ.

ಮರುವಾರ

ಗ್ಯಾಸನ್ನು ಗಾಳಿಗೆ ಬಿಡದೆ ರಿಕವರಿ ಮೆಷಿನ್ ಇರುವವರ ಹತ್ತಿರ ತೆಗೆಸಿದೆ. ಬಂದದ್ದು 430 ಗ್ರಾಂ. ಆಮೇಲೆ ನೈಟ್ರೋಜನ್ ತುಂಬಿ 150 ಪಿಎಸ್‌ಐಗೆ ಏರಿಸಿ, ಸೋಪಿನ ನೀರು ಹಿಡಿದು ಒಂದೊಂದೇ ಜಾಯಿಂಟ್ ನೋಡುತ್ತ ಹೋದೆ. ಗ್ಯಾಸಿನ ಕಾವನ್ನು ಹೊರಗೆ ಬಿಡುವ ಕಂಡೆನ್ಸರಿಗೆ ಪೈಪ್ ಸೇರುವಲ್ಲಿ ಎಣ್ಣೆ ಹತ್ತಿ ಧೂಳು ಕಪ್ಪಗೆ ಅಂಟಿಕೊಂಡಿತ್ತು. ಗ್ಯಾಸ್ ಸೋರುವಲ್ಲಿ ಎಣ್ಣೆಯೂ ಹೊರಬರುತ್ತದೆ, ಹಾಗಾಗಿ ಇಂಥ ಕಲೆ ಕಂಡರೆ ಅಲ್ಲೇ ಮೊದಲು ನೋಡಬೇಕು. ನಿಧಾನಕ್ಕೆ, ನಾಲ್ಕೈದು ಸೆಕೆಂಡಿಗೊಂದರಂತೆ ಗುಳ್ಳೆ ಎದ್ದಿತು. ಬಿಚ್ಚಿದಾಗ ಜಾಯಿಂಟಿನೊಳಗಿನ ರಬ್ಬರ್ ಓ-ರಿಂಗ್ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿ, ಚಪ್ಪಟೆಯಾಗಿ ಕೈಗೆ ಬಂತು.

ಅದೊಂದನ್ನೇ ಬದಲಾಯಿಸಿ ಬಿಡಲು ಮನಸ್ಸಾಗಲಿಲ್ಲ. ಕೈಗೆಟುಕುವ ಎಲ್ಲ ಜಾಯಿಂಟಿಗೂ ಹಸಿರು ಎಚ್‌ಎನ್‌ಬಿಆರ್ (ಒಂದು ಬಗೆಯ ರಬ್ಬರ್) ಓ-ರಿಂಗ್ ಹಾಕಿದೆ, ಒಳಗಿನ ತೇವ ಹೀರುವ ಡ್ರೈಯರ್ ಹೊಸದು ಕೂರಿಸಿದೆ. ಹಳೆ ಎಣ್ಣೆ ಬಸಿದು, ಮಿನರಲ್ ಎಣ್ಣೆಯ ಶೇಷ ಇದ್ದರೂ ಹೊಂದಿಕೊಳ್ಳುವ ಎಸ್ಟರ್ ಎಣ್ಣೆ ತುಂಬಿದೆ. ವ್ಯಾಕ್ಯೂಮ್ ಪಂಪ್ 45 ನಿಮಿಷ ಓಡಿಸಿ, ನಿಲ್ಲಿಸಿ, ಒಂದು ಗಂಟೆ ಕಾದೆ. ಗೇಜಿನ ಮುಳ್ಳು ಅಲುಗಲಿಲ್ಲ, ಅಂದರೆ ಸೋರಿಕೆ ಕಾಣಲಿಲ್ಲ. ಬದಲಾಯಿಸಿದ ಕಾರಿಗೆ ಆರ್-12ರ ತೂಕದ ಶೇಕಡಾ 80ರಿಂದ 90ರಷ್ಟು ಸಾಕು. ತಕ್ಕಡಿಯಲ್ಲಿ ತೂಗಿ 720 ಗ್ರಾಂ ಹಾಕಿದೆ.

ನಡುವಿನ ವೆಂಟಿನಲ್ಲಿ 7 ಡಿಗ್ರಿ. ಆ ಹೊತ್ತಿನ ಖುಷಿ ದೊಡ್ಡದು. ಸುತ್ತು ಹೊಡೆಯಲು ಹೊರಟೆ. ಇಪ್ಪತ್ತೆರಡನೇ ನಿಮಿಷಕ್ಕೆ ಮತ್ತೆ ಬಿಸಿಗಾಳಿ.

ಮೂರನೇ ವಾರ

ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಒಂದು ವಿಷಯ ಸ್ಪಷ್ಟವಾಗಿತ್ತು: ನಾನು ಇಲ್ಲಿಯವರೆಗೆ ಅಳತೆ ತೆಗೆದದ್ದೆಲ್ಲ ಎಂಜಿನ್ ತಣ್ಣಗಿದ್ದಾಗ. ತೊಂದರೆ ಬರುವುದು ಕಾದಾಗ. ಹಾಗಾಗಿ ಮಲ್ಟಿಮೀಟರ್ ಪಕ್ಕದ ಸೀಟಿನಲ್ಲಿಟ್ಟುಕೊಂಡು, ಬಿಸಿಗಾಳಿ ಬರುವವರೆಗೆ ಓಡಿಸಿ, ಎಂಜಿನ್ ಆರಿಸದೆ ಬಾನೆಟ್ ತೆಗೆದೆ.

ಕಂಪ್ರೆಸರಿನ ಪುಲ್ಲಿ ತಿರುಗುತ್ತಿದೆ, ಅದರ ಮುಂದಿನ ಕ್ಲಚ್ ಪ್ಲೇಟ್ ನಿಂತಿದೆ. ಕಾಯಿಲಿಗೆ ಕರೆಂಟ್ ಬಂದಾಗ ಅಯಸ್ಕಾಂತದ ಸೆಳೆತದಿಂದ ಈ ಪ್ಲೇಟ್ ಪುಲ್ಲಿಗೆ ಅಂಟಿಕೊಂಡು ಕಂಪ್ರೆಸರನ್ನು ತಿರುಗಿಸಬೇಕು. ಕ್ಲಚ್ ವೈರಿನಲ್ಲಿ 13.6 ವೋಲ್ಟ್. ಇದೊಂದೇ ಅಂಕಿಯಿಂದ ಪ್ರೆಶರ್ ಸ್ವಿಚ್, ರಿಲೇ, ಫ್ಯೂಸ್, ಥರ್ಮೋಸ್ಟಾಟ್ ಎಲ್ಲದರ ಮೇಲಿನ ಅನುಮಾನ ಹೋಯಿತು. ಇವುಗಳಲ್ಲಿ ಯಾವುದು ಕೈಕೊಟ್ಟಿದ್ದರೂ ವೋಲ್ಟೇಜ್ ಇಲ್ಲಿಯವರೆಗೆ ಬರುತ್ತಿರಲಿಲ್ಲ. ಕಾಯಿಲಿನಲ್ಲಿ ಕರೆಂಟೂ ಹರಿಯುತ್ತಿತ್ತು, 3.1 ಆಂಪಿಯರ್. ತಣ್ಣಗಿದ್ದಾಗ ಅದೇ ಕಾಯಿಲ್ 3.9 ಎಳೆಯುತ್ತದೆ. ತಾಮ್ರ ಕಾದಂತೆ ಅದರ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.4ರಷ್ಟು ಏರುತ್ತದೆ. ಎಪ್ಪತ್ತು ಡಿಗ್ರಿ ಏರಿದರೆ ಕಾಲು ಭಾಗಕ್ಕಿಂತ ಹೆಚ್ಚು. ಕರೆಂಟ್ ಇಳಿದಷ್ಟೂ ಅಯಸ್ಕಾಂತದ ಸೆಳೆತ ಇಳಿಯುತ್ತದೆ.

ಉದ್ದನೆಯ ಮರದ ಹಿಡಿಯಿಂದ, ಬೆಲ್ಟಿಗೂ ಫ್ಯಾನಿಗೂ ತಾಗದಂತೆ, ನಿಂತಿದ್ದ ಪ್ಲೇಟಿನ ಮುಖವನ್ನು ಮೆಲ್ಲಗೆ ಒತ್ತಿದೆ. ಟಕ್! ಕ್ಲಚ್ ಹಿಡಿಯಿತು, ಎರಡು ನಿಮಿಷದಲ್ಲಿ ವೆಂಟ್ ತಣ್ಣಗಾಯಿತು. (ಸಡಿಲ ತೋಳಿನ ಅಂಗಿ ತೊಟ್ಟು ಇದನ್ನು ಯಾರೂ ಮಾಡಬೇಡಿ.)

ಎಂಜಿನ್ ಆರಿದ ಮೇಲೆ ಪ್ಲೇಟಿಗೂ ಪುಲ್ಲಿಗೂ ನಡುವೆ ಫೀಲರ್ ಗೇಜ್ (ಸಂದಿಯ ಅಂತರ ಅಳೆಯುವ ತೆಳು ಪಟ್ಟಿ) ತೂರಿಸಿದೆ: 0.9 ಮಿಲಿಮೀಟರ್. ಈ ಕಂಪ್ರೆಸರಿಗೆ ಮ್ಯಾನುವಲ್ ಹೇಳುವುದು 0.4ರಿಂದ 0.6. ಮೂವತ್ತು ವರ್ಷ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಎರಡೂ ಮುಖಗಳು ಸವೆದಿವೆ. ಇಷ್ಟು ಅಂತರವನ್ನು ತಣ್ಣಗಿನ ಕಾಯಿಲ್ ಹೇಗೋ ದಾಟಿಸುತ್ತದೆ, ಕಾದ ಕಾಯಿಲಿಗೆ ಆಗುವುದಿಲ್ಲ. ತಂಪು ಸಾಕಾದಾಗ ಥರ್ಮೋಸ್ಟಾಟ್ ಒಮ್ಮೆ ಕ್ಲಚ್ ಬಿಡಿಸಿತೆಂದರೆ ಪ್ಲೇಟನ್ನು ಮತ್ತೆ ಸೆಳೆಯುವ ಶಕ್ತಿ ಆ ಕಾಯಿಲಿಗಿರುತ್ತಿರಲಿಲ್ಲ.

ಪ್ಲೇಟಿನ ನಡುವಿನ ನಟ್ ಬಿಚ್ಚಿದರೆ ಹಿಂದೆ ಅಂತರ ಹೊಂದಿಸುವ ತೆಳುವಾದ ಶಿಮ್‌ಗಳಿರುತ್ತವೆ. 0.4ರ ಒಂದನ್ನು ತೆಗೆದೆ, ಅಂತರ 0.5ಕ್ಕೆ ಬಂತು. ಮೂರು ಕಡೆ ಅಳೆದೆ, ಎಲ್ಲ ಕಡೆ ಒಂದೇ. ಗ್ಯಾಸ್ ಮುಟ್ಟಬೇಕಾಗಲಿಲ್ಲ, ಕೆಲಸ ಮುಕ್ಕಾಲು ಗಂಟೆಯದ್ದು.

ನಿನ್ನೆ

ಒಂದೂವರೆ ಗಂಟೆ ಓಡಿಸಿದೆ, ಕ್ಲಚ್ ಒಮ್ಮೆಯೂ ಕೈಬಿಡಲಿಲ್ಲ. ಆದರೆ ಕೊನೆಯ ಅರ್ಧ ಗಂಟೆ ವೆಂಟಿನ ತಾಪ 7ರಿಂದ 12ಕ್ಕೆ ಏರಿತ್ತು. ಗೇಜಿನಲ್ಲಿ ತಪ್ಪೇನೂ ಕಾಣಲಿಲ್ಲ. ಅನುಮಾನ ಬಂದು ಹೀಟರಿಗೆ ಹೋಗುವ ಹೋಸನ್ನು ಕ್ಲ್ಯಾಂಪಿನಿಂದ ಒತ್ತಿ ಮುಚ್ಚಿದೆ. ಹತ್ತು ನಿಮಿಷದಲ್ಲಿ 8ಕ್ಕೆ ಇಳಿಯಿತು. ಹೀಟರ್ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲ, ತಣ್ಣಗಾದ ಗಾಳಿ ಬಿಸಿನೀರಿನ ಪಕ್ಕ ಹಾದು ಬರುತ್ತಿದೆ. ಹೊಸ ವಾಲ್ವ್ ತರಿಸಿದ್ದೇನೆ. ಬರುವವರೆಗೆ ಹೋಸಿನ ಮೇಲೆ ಕ್ಲ್ಯಾಂಪ್ ಇರಲಿ.